ಶ್ವಾನಕ್ಕೆ ಸಂಯಮವನ್ನು ಕಲಿಸಬಹುದೇ?

ಅಷ್ಟಮಿ ಚತುರ್ದಶಿಗಳಂದು ಉಪವಾಸವನ್ನಾಚರಿಸುವ ಕೆಲವು ಮನೆಗಳಲ್ಲಿ ಒಂದು ಮಾತು ಅಭಿಮಾನದಿಂದ ಕೇಳಿಬರುವುದುಂಟು: “ನಮ್ಮ ಮನೆಯ ನಾಯಿಯೂ ಚತುರ್ದಶಿಯ ದಿನ ಏನನ್ನೂ ಮುಟ್ಟುವುದಿಲ್ಲ.” ಬಂದ ನೆಂಟರು ಬೆರಗಾಗುತ್ತಾರೆ. ಅವರ ಕಣ್ಣಿಗೆ ಪ್ರಮಾಣ ಸಿಗಲೆಂದು ಮಕ್ಕಳು ಮೊಸರನ್ನದ ತಟ್ಟೆಯನ್ನು ತಂದು ನಾಯಿಯ ಮುಂದಿಟ್ಟು “ಇರು” ಎನ್ನುತ್ತಾರೆ. ಅದು ಮುಂಗಾಲುಗಳನ್ನು ಚಾಚಿ, ಜೊಲ್ಲು ಸುರಿಸುತ್ತ, ತಟ್ಟೆಯ ಕಡೆಗೊಮ್ಮೆ ಒಡೆಯನ ಮುಖದ ಕಡೆಗೊಮ್ಮೆ ನೋಡುತ್ತ ಕಾದು ಕುಳಿತಿರುತ್ತದೆ. ಸ್ವಲ್ಪ ಹೊತ್ತಿನ ಬಳಿಕ ತಟ್ಟೆಯನ್ನು ಒಳಕ್ಕೆ ಒಯ್ಯುತ್ತಾರೆ. ಪೂರ್ವಜನ್ಮದ ಸಂಸ್ಕಾರವೆಂದು ಹಿರಿಯರೊಬ್ಬರು ಕೈಮುಗಿದರೂ ಮುಗಿಯಬಹುದು.

ಆ ನಾಯಿಯು ಮಾಡಿದ್ದು ಉಪವಾಸವೇ? ಅಲ್ಲವಾದರೆ ಅದನ್ನು ಏನೆಂದು ಕರೆಯಬೇಕು? ಅದರ ಪುಣ್ಯಪಾಪಗಳು ಯಾರ ಲೆಕ್ಕಕ್ಕೆ ಸೇರುತ್ತವೆ? ಮೇಲುನೋಟಕ್ಕೆ ಇದು ಹಗುರವಾದ ಪ್ರಶ್ನೆಯೆಂದು ತೋರಬಹುದು. ಆದರೆ ವ್ರತವೆಂದರೇನು ಎಂಬ ಮೂಲಪ್ರಶ್ನೆಯನ್ನು ಬಿಡಿಸದೆ ಇದಕ್ಕೆ ಉತ್ತರ ದೊರೆಯದು. ಮೇಲಾಗಿ, ಉತ್ತರವು ತಪ್ಪಿದರೆ ಮೂಕಪ್ರಾಣಿಯೊಂದು ಹಸಿದಿರಬೇಕಾಗುತ್ತದೆ.

ಪಶುವಿಗೆ ವ್ರತವೆಲ್ಲಿಯದು ಎಂದು ನಕ್ಕುಬಿಡುವುದು ಅನ್ಯರಿಗೆ ಸುಲಭ. ಜೈನನಿಗೆ ಆ ದಾರಿ ಮುಚ್ಚಿದೆ. ನಾರಕಿಗೂ ದೇವನಿಗೂ ವ್ರತಧಾರಣೆಯಿಲ್ಲ. ಅವರು ನಾಲ್ಕನೆಯ ಗುಣಸ್ಥಾನವನ್ನು ದಾಟಲಾರರು. ಸಂಜ್ಞಿ ಪಂಚೇಂದ್ರಿಯ ತಿರ್ಯಂಚಕ್ಕಾದರೋ ಐದನೆಯದಾದ ದೇಶಸಂಯತ ಗುಣಸ್ಥಾನದವರೆಗೆ ಏರುವ ಯೋಗ್ಯತೆಯುಂಟು. ಅಂದರೆ ಅಣುವ್ರತಗಳ ವಿಷಯದಲ್ಲಿ ಇಂದ್ರನಿಗಿಲ್ಲದ ಅಧಿಕಾರ ಆನೆಗಿದೆ, ಸಿಂಹಕ್ಕಿದೆ, ಬೀದಿಯ ನಾಯಿಗೂ ಇದೆ. ಮಧ್ಯಲೋಕದ ಅಂಚಿನಲ್ಲಿರುವ ಸ್ವಯಂಭೂರಮಣದಲ್ಲಿ ಅಸಂಖ್ಯಾತ ತಿರ್ಯಂಚಗಳು ದೇಶವ್ರತಿಗಳಾಗಿವೆಯೆಂದು ಆಗಮವು ಹೇಳುವಾಗ, ಮನುಷ್ಯ ಶ್ರಾವಕರಿಗಿಂತ ಪಶು ಶ್ರಾವಕರ ಸಂಖ್ಯೆಯೇ ಹಿರಿದಾಗುತ್ತದೆ. ಶ್ರಾವಕನೆಂಬ ಹೆಸರಿನಿಂದ ಬೀಗುವವರು ಈ ಲೆಕ್ಕವನ್ನು ಆಗಾಗ ನೆನೆಯುವುದು ಒಳ್ಳೆಯದು.

ಹತ್ತನೆಯ ಶತಮಾನದಲ್ಲಿ ಚಾವುಂಡರಾಯನಿಗೆ ಗುರುಗಳಾಗಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಸಂಜ್ಞಿಯ ಲಕ್ಷಣವನ್ನು ನಿರೂಪಿಸುವಾಗ, ಕಲಿಸಿದ್ದನ್ನು ಕಲಿಯುವ ಮತ್ತು ಹೇಳಿದ ಮಾತನ್ನು ಗ್ರಹಿಸುವ ಶಕ್ತಿಯನ್ನೇ ಮನಸ್ಸಿನ ಗುರುತಾಗಿ ಎತ್ತಿಕೊಂಡಿದ್ದಾರೆ. ಹೆಸರು ಹಿಡಿದು ಕರೆದರೆ ಬಾಲವಾಡಿಸುತ್ತ ಬರುವ ನಾಯಿಗೆ ಮನಸ್ಸುಂಟೇ ಎಂಬ ವಾದ ಪಾಶ್ಚಾತ್ಯರಲ್ಲಿ ಬಹುಕಾಲ ನಡೆಯಿತು. ಇಲ್ಲಿ ಅದಕ್ಕೆ ಅವಕಾಶವೇ ಇರಲಿಲ್ಲ. ಧರ್ಮದ ಮಹಿಮೆಯನ್ನು ಹೇಳಹೊರಟ ಸಮಂತಭದ್ರಸ್ವಾಮಿಗಳು ರತ್ನಕರಂಡಕದಲ್ಲಿ ಬೇರೆ ಯಾವ ಪ್ರಾಣಿಯನ್ನೂ ಆರಿಸದೆ ನಾಯಿಯನ್ನೇ ಆರಿಸಿಕೊಂಡರೆಂಬುದೂ ಗಮನಾರ್ಹ. ಶ್ವಾನಜನ್ಮಕ್ಕೂ ದೇವಜನ್ಮಕ್ಕೂ ನಡುವಣ ದಾರಿ ಎರಡು ಕಡೆಗೂ ತೆರೆದಿದೆಯೆಂಬುದು ಅವರ ಅಭಿಪ್ರಾಯ. ಏರುವುದಕ್ಕೆ ಹೇಗೋ ಜಾರುವುದಕ್ಕೂ ಹಾಗೆಯೇ.

ಪುರಾಣಗಳ ಸಾಕ್ಷ್ಯವೂ ಇದಕ್ಕೆ ಅನುಗುಣವಾಗಿದೆ. ಮಹಾವೀರಸ್ವಾಮಿಯ ಜೀವವು ಹಿಂದೊಂದು ಭವದಲ್ಲಿ ಸಿಂಹವಾಗಿದ್ದಾಗ ಇಬ್ಬರು ಚಾರಣಮುನಿಗಳಿಂದ ಉಪದೇಶವನ್ನು ಪಡೆದು ವ್ರತಗಳನ್ನು ಸ್ವೀಕರಿಸಿತು. ಸಿಂಹಕ್ಕೆ ಮಾಂಸವಲ್ಲದೆ ಬೇರೆ ಆಹಾರವಿಲ್ಲವಾದುದರಿಂದ ಅದರ ಅಹಿಂಸಾವ್ರತವೇ ನಿರಾಹಾರವ್ರತವಾಗಿ ಪರಿಣಮಿಸಿತೆಂದು ಗುಣಭದ್ರಾಚಾರ್ಯರ ಉತ್ತರಪುರಾಣವು ವಿವರಿಸುತ್ತದೆ. ಪಾರ್ಶ್ವನಾಥಸ್ವಾಮಿಯ ಜೀವವಾದ ಮರುಭೂತಿಯು ವಜ್ರಘೋಷವೆಂಬ ಆನೆಯಾಗಿ ಹುಟ್ಟಿ, ಅರವಿಂದಮುನಿಗಳ ಮಾತಿನಿಂದ ಎಚ್ಚೆತ್ತು ಶ್ರಾವಕವ್ರತವನ್ನು ಹಿಡಿಯಿತು. ಅಂದಿನಿಂದ ಅದು ಹಸಿರು ರೆಂಬೆಯನ್ನು ಮುರಿಯಲಿಲ್ಲ. ಉದುರಿದ ಒಣಎಲೆಗಳನ್ನು ತಿಂದಿತು. ಬೇರೆ ಆನೆಗಳು ತುಳಿದು ಕದಡಿದ ನೀರನ್ನು ಮಾತ್ರ ಕುಡಿಯಿತು. ಕಾಡಿನಲ್ಲಿ ಅದನ್ನು ಕಾಯುವ ಮಾವುತನಿರಲಿಲ್ಲ, ಅಂಕುಶವಿರಲಿಲ್ಲ, ಸೈ ಎನ್ನುವವರೂ ಇರಲಿಲ್ಲ.

ಈ ಕಡೆಯ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಇಂದು ಮನೆಗಳಲ್ಲಿ ನಾಯಿಗೆ ಸಂಯಮವನ್ನು ಹೇಗೆ ಕಲಿಸುತ್ತಾರೆಂಬುದನ್ನು ನೋಡಬೇಕು.

ನಾಯಿಯನ್ನು ಪಳಗಿಸುವವರು ಅನುಸರಿಸುವ ಕ್ರಮ ಸರಳವಾದುದು, ಆದರೆ ತಾಳ್ಮೆಯನ್ನು ಬೇಡುವಂಥದು. ಕಲಿಸುವವನು ತಿಂಡಿಯ ಚೂರೊಂದನ್ನು ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿ ನಾಯಿಯ ಮೂತಿಯ ಬಳಿ ಹಿಡಿಯುತ್ತಾನೆ. ನಾಯಿ ಮೂಸುತ್ತದೆ, ನೆಕ್ಕುತ್ತದೆ, ಕಾಲಿನಿಂದ ಕೆರೆಯುತ್ತದೆ, ಕುಂಯ್‌ಗುಡುತ್ತದೆ. ಮುಷ್ಟಿ ತೆರೆಯುವುದಿಲ್ಲ, ಗದರಿಕೆಯೂ ಇಲ್ಲ. ಕಡೆಗೆ ಅದು ಬೇಸತ್ತು ಮುಖವನ್ನು ಹಿಂದಕ್ಕೆ ತೆಗೆದ ಕ್ಷಣದಲ್ಲೇ ಮುಷ್ಟಿ ತೆರೆಯುತ್ತದೆ. ಮತ್ತೆ ಮುನ್ನುಗ್ಗಿದರೆ ಮುಚ್ಚುತ್ತದೆ. ಹತ್ತಾರು ಸಲ ಹೀಗಾದ ಮೇಲೆ ನುಗ್ಗಿದರೆ ಸಿಗದು, ಹಿಂದೆ ಸರಿದರೆ ಸಿಗುವುದು ಎಂಬ ವಿಚಿತ್ರವಾದ ನಿಯಮ ಅದರ ತಲೆಗೆ ಹೋಗುತ್ತದೆ. ಬಳಿಕ ಚೂರನ್ನು ನೆಲದ ಮೇಲಿಡುವುದು. “ಬಿಡು” ಎಂಬ ಮಾತನ್ನು ಜೊತೆಗೂಡಿಸುವುದು. ಒಂದು ಎಣಿಕೆಯಷ್ಟು ಕಾಯುವುದನ್ನು ಮೂರಕ್ಕೆ, ಮೂರನ್ನು ಹತ್ತಕ್ಕೆ ಬೆಳೆಸುವುದು. ಆಮೇಲೆ ಒಡೆಯನು ಎರಡು ಹೆಜ್ಜೆ ದೂರ ಸರಿಯುವುದು, ಬಾಗಿಲಾಚೆ ಹೋಗುವುದು. ಕಾಲ, ದೂರ, ಆಕರ್ಷಣೆ ಈ ಮೂರನ್ನೂ ಒಮ್ಮೆಲೇ ಹೆಚ್ಚಿಸಬಾರದೆಂಬುದು ಬಲ್ಲವರ ಮಾತು. ಪಾಠವು ಕೆಲವೇ ನಿಮಿಷಗಳದ್ದಾಗಿರಬೇಕು; ನಾಯಿ ಸೋಲುವ ಮೊದಲೇ ಮುಗಿಯಬೇಕು. ಮನೆಮಂದಿಯೆಲ್ಲ ಒಂದೇ ಮಾತನ್ನು ಬಳಸಬೇಕು. ತಂದೆ “ಬಿಡು” ಎಂದು, ಮಗ “ಬೇಡ” ಎಂದು, ಅಜ್ಜಿ ಏನನ್ನೂ ಹೇಳದೆ ತನ್ನ ಎಲೆಯಿಂದಲೇ ಒಂದು ತುತ್ತನ್ನು ಎಸೆದುಬಿಟ್ಟರೆ ನಾಯಿ ಕಲಿಯುವುದು ಅಜ್ಜಿಯ ಪಾಠವನ್ನೇ.

ಹಿಂದೆ ಕ್ರಮ ಬೇರೆಯಿತ್ತು. ಬೆತ್ತ, ಮುಳ್ಳುಪಟ್ಟಿ, ಎಳೆದರೆ ಕುತ್ತಿಗೆ ಬಿಗಿಯುವ ಸರಪಳಿ ಇವು ಉಪಕರಣಗಳಾಗಿದ್ದವು. ಹಸಿದ ಪ್ರಾಣಿ ಬೇಗ ಕಲಿಯುತ್ತದೆಂದು ಪಾಠಕ್ಕೆ ಮೊದಲು ಅನ್ನವನ್ನು ತಡೆಹಿಡಿಯುವುದೂ ಇತ್ತು. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಬಹುಮಾನ ಪಡೆದ ರಷ್ಯಾದ ಪಾವ್ಲೋವರು ನಾಯಿಗಳ ಕುತ್ತಿಗೆಯಲ್ಲಿ ಅನ್ನನಾಳವನ್ನು ಕತ್ತರಿಸಿ ತೆರವು ಮಾಡಿದ್ದರು. ನುಂಗಿದ ಆಹಾರವು ಹೊಟ್ಟೆಗಿಳಿಯದೆ ಹೊರಬೀಳುತ್ತಿತ್ತು. ತಿನ್ನುತ್ತಲೇ ಇದ್ದರೂ ತುಂಬದ ಹೊಟ್ಟೆ! ನಾಯಿಯ ಮನಸ್ಸಿನ ಬಗೆಗೆ ಇಂದು ತಿಳಿದಿರುವುದರಲ್ಲಿ ಒಂದು ಪಾಲು ಇಂಥ ಛೇದನದಿಂದ ಬಂದದ್ದೆಂಬುದನ್ನು ಮರೆಯಲಾಗದು. 1984ರಲ್ಲಿ ಅಮೆರಿಕದ ಕರೆನ್ ಪ್ರಯರ್ ಎಂಬ ಮಹಿಳೆ ಬರೆದ ಪುಸ್ತಕವು ದಂಡನೆಯಿಲ್ಲದ ಶಿಕ್ಷಣವನ್ನು ಜನಪ್ರಿಯಗೊಳಿಸಿತು. ಆಕೆ ಮೊದಲು ಡಾಲ್ಫಿನ್‌ಗಳನ್ನು ಪಳಗಿಸಿದವರು. ಡಾಲ್ಫಿನ್‌ಗೆ ಪಟ್ಟಿ ಕಟ್ಟಲಾಗದು, ಹೊಡೆಯಹೋದರೆ ಅದು ಈಜಿ ದೂರವಾಗುತ್ತದೆ. ಆದುದರಿಂದ ಅಲ್ಲಿ ಬಹುಮಾನವೊಂದೇ ಉಪಾಯ. ಬೆತ್ತವು ಕೈಗೆಟುಕದೆ ಹೋದಾಗ ಮನುಷ್ಯನಿಗೆ ಅಹಿಂಸೆಯ ಮಾರ್ಗ ಹೊಳೆಯಿತೆಂಬುದು ಸ್ವಾರಸ್ಯಕರ.

ಹೀಗೆ ಕಲಿತ ನಾಯಿಯ ಸಂಯಮ ಎಂಥದು? ಇದನ್ನು ಪರೀಕ್ಷಿಸಿದವರಿದ್ದಾರೆ. ಜರ್ಮನಿಯ ಲೈಪ್ಜಿಗ್ ನಗರದ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಾಯಿಗೆ ಆಹಾರವನ್ನು ತೋರಿಸಿ ಮುಟ್ಟಬಾರದೆಂದು ಹೇಳಲಾಯಿತು. ಹೇಳಿದವನು ಕಣ್ಣುತೆರೆದು ನೋಡುತ್ತಿದ್ದಾಗ ನಾಯಿಗಳು ಬಹುಮಟ್ಟಿಗೆ ಅಪ್ಪಣೆಯನ್ನು ಪಾಲಿಸಿದವು. ಅವನು ಕೋಣೆಯಿಂದ ಹೊರಗೆ ಹೋದಾಗ, ಬೆನ್ನು ತಿರುಗಿಸಿದಾಗ, ಕಡೆಗೆ ಅಲ್ಲಿಯೇ ಕುಳಿತು ಬರಿಯ ಕಣ್ಣುಮುಚ್ಚಿದಾಗಲೂ ಹೆಚ್ಚು ಚೂರುಗಳು ಮಾಯವಾದವು. ಸಂಯಮವು ನಾಯಿಯ ಒಳಗಿದ್ದುದಕ್ಕಿಂತ ಹೆಚ್ಚಾಗಿ ಒಡೆಯನ ಕಣ್ಣಿನಲ್ಲಿತ್ತು.

ತಪ್ಪು ಮಾಡಿದ ನಾಯಿ ಕಿವಿ ಜೋಲಿಸಿ, ಬಾಲವನ್ನು ಕಾಲುಗಳ ನಡುವೆ ಅಡಗಿಸಿ ಪಶ್ಚಾತ್ತಾಪಪಡುತ್ತದೆಂದು ಹೇಳುವವರೂ ಇದ್ದಾರೆ. ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿದುಷಿ 2009ರಲ್ಲಿ ಇದನ್ನು ಜಾಣತನದಿಂದ ಶೋಧಿಸಿದರು. ಒಡೆಯನು ಹೊರಗಿದ್ದಾಗ ನಾಯಿ ತಿಂದಿತೇ ಇಲ್ಲವೇ ಎಂಬುದನ್ನು ಒಡೆಯನಿಗೆ ಕೆಲವೊಮ್ಮೆ ಬೇಕೆಂದೇ ತಪ್ಪಾಗಿ ತಿಳಿಸಲಾಯಿತು. ಏನನ್ನೂ ಮುಟ್ಟದಿದ್ದರೂ ಬೈಸಿಕೊಂಡ ನಾಯಿ ಆ ಅಪರಾಧಿಯ ಮುಖವನ್ನು ತೋರಿತು. ತಿಂದಿದ್ದರೂ ಬೈಗುಳ ಬೀಳದಿದ್ದ ನಾಯಿಯಲ್ಲಿ ಅದು ಅಷ್ಟಾಗಿ ಕಾಣಲಿಲ್ಲ. ಅದನ್ನು ಆಲೋಚನೆಯೆಂದಾಗಲಿ ಪ್ರತಿಕ್ರಮಣವೆಂದಾಗಲಿ ಕರೆಯುವುದು ಹೇಗೆ?

ಇನ್ನೊಂದು ಪ್ರಯೋಗ 2010ರದು, ಅಮೆರಿಕದ ಕೆಂಟಕಿಯಲ್ಲಿ ನಡೆದದ್ದು. ಹತ್ತು ನಿಮಿಷ ಅಲುಗದೆ ಕುಳಿತಿರಬೇಕೆಂಬ ಅಪ್ಪಣೆಯನ್ನು ಪಾಲಿಸಿದ ನಾಯಿಗಳು, ಅಷ್ಟೇ ಹೊತ್ತು ಪಂಜರದಲ್ಲಿ ಸುಮ್ಮನಿದ್ದ ನಾಯಿಗಳಿಗಿಂತ ಬೇಗ, ತೆರೆಯಲಾಗದ ತಿಂಡಿಯ ಆಟಿಕೆಯೊಂದನ್ನು ಕೈಬಿಟ್ಟವು. ಗ್ಲೂಕೋಸ್ ಕುಡಿಸಿದಾಗ ಈ ದಣಿವು ಕಾಣಲಿಲ್ಲ. ತಡೆದುಕೊಳ್ಳುವುದಕ್ಕೂ ಶರೀರಬಲ ವ್ಯಯವಾಗುತ್ತದೆಂದು ಅವರು ಊಹಿಸಿದರು. ಮನುಷ್ಯರ ವಿಷಯದಲ್ಲಿ ಇದೇ ಊಹೆಯನ್ನು ಅನೇಕ ಪ್ರಯೋಗಶಾಲೆಗಳು ಕೂಡಿ 2016ರಲ್ಲಿ ಪರೀಕ್ಷಿಸಿದಾಗ ನಿರೀಕ್ಷಿಸಿದ ಫಲ ಕಾಣದೆ ಹೋಯಿತಾದುದರಿಂದ ಇದನ್ನು ಸಿದ್ಧಾಂತವೆಂದು ಹಿಡಿಯುವುದು ಆತುರವಾದೀತು. ಆದರೂ ಉಪವಾಸದ ದಿನ ಸಂಜೆ ಮನೆಯಲ್ಲಿ ಯಾರ ದನಿ ಏರುತ್ತದೆ, ಯಾರ ಮೇಲೆ ಏರುತ್ತದೆ ಎಂಬುದನ್ನು ಬಲ್ಲ ಸೊಸೆಯಂದಿರು ಈ ಊಹೆಯನ್ನು ಸುಲಭವಾಗಿ ತಳ್ಳಿಹಾಕಲಾರರು.

ಈಗ ಖದಿರಸಾರನ ಕಥೆಯನ್ನು ನೆನೆಯಬಹುದು. ಶ್ರೇಣಿಕ ಮಹಾರಾಜನ ಜೀವವು ಹಿಂದೆ ಖದಿರಸಾರನೆಂಬ ಬೇಡನಾಗಿತ್ತು. ಮಾಂಸವನ್ನು ಪೂರ್ಣವಾಗಿ ಬಿಡಲಾರೆನೆಂದ ಅವನಿಗೆ ಮುನಿಗಳು ಕಾಗೆಯ ಮಾಂಸವನ್ನಾದರೂ ಬಿಡೆಂದರು, ಅವನು ಒಪ್ಪಿದನು. ಮುಂದೆ ರೋಗಕ್ಕೆ ಕಾಗೆಯ ಮಾಂಸವೇ ಮದ್ದೆಂದು ವೈದ್ಯರು ಹೇಳಿದಾಗ ಬಂಧುಗಳೆಲ್ಲ ತಿನ್ನೆಂದು ಒತ್ತಾಯಿಸಿದರು. ಅವನು ತಿನ್ನಲಿಲ್ಲ, ಸತ್ತನು. ನೋಡುವ ಕಣ್ಣುಗಳೆಲ್ಲವೂ ಇಲ್ಲಿ “ಮುರಿ” ಎನ್ನುತ್ತಿದ್ದವು. ತಟ್ಟೆಯ ಮುಂದೆ ಕಾದು ಕುಳಿತ ನಾಯಿಗೂ ಖದಿರಸಾರನಿಗೂ ಇರುವ ಅಂತರ ಇಷ್ಟರಲ್ಲೇ ಇದೆ. ಹೊರಗಿನಿಂದ ನೋಡಿದರೆ ಎರಡು ಕಡೆಯೂ ಆಹಾರ ಹಾಗೆಯೇ ಉಳಿಯಿತು.

ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವ್ರತವನ್ನು ವ್ಯಾಖ್ಯಾನಿಸುವಾಗ ಅಭಿಸಂಧಿಗೆ, ಅಂದರೆ ಬುದ್ಧಿಪೂರ್ವಕವಾದ ಸಂಕಲ್ಪಕ್ಕೆ, ಪ್ರಾಧಾನ್ಯವನ್ನು ಕೊಟ್ಟಿದ್ದಾರೆ. ಇದು ಕರ್ತವ್ಯ, ಇದು ಅಕರ್ತವ್ಯ ಎಂಬ ವಿವೇಕವಿರಬೇಕು. ಆ ವಿವೇಕದಿಂದ ತಾನೇ ತನಗೆ ನಿಯಮವನ್ನು ಹಾಕಿಕೊಳ್ಳಬೇಕು. ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಶಲ್ಯಗಳಿಲ್ಲದವನೇ ವ್ರತಿಯೆಂದು ಉಮಾಸ್ವಾಮಿಗಳ ಮತ. ಬಿಟ್ಟರೆ ಇನ್ನೂ ಒಳ್ಳೆಯ ಚೂರು ದೊರೆಯುವುದೆಂಬ ಆಸೆಯಿಂದ ಬಿಟ್ಟ ನಾಯಿಯಲ್ಲಿ ವ್ರತಕ್ಕೆ ಬದಲು ಚೌಕಾಶಿಯಿದೆ. ನಾಯಿಯನ್ನು ಅದಕ್ಕಾಗಿ ದೂಷಿಸುವಂತಿಲ್ಲ. ಅದಕ್ಕೆ ಕಲಿಸಿದ್ದೇ ಅದು.

ಹಾಗಾದರೆ ಚತುರ್ದಶಿಯಂದು ಅನ್ನವಿಲ್ಲದೆ ಬಿದ್ದಿರುವ ನಾಯಿಯ ಹಸಿವಿಗೆ ಆಗಮದಲ್ಲಿ ಹೆಸರಿಲ್ಲವೇ? ಇದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಬರುವ ಅಕಾಮನಿರ್ಜರೆ ಎಂಬ ಪದವನ್ನು ಪೂಜ್ಯಪಾದರು ಸೆರೆಯಲ್ಲಿರುವವರ, ಕಟ್ಟುಬಿದ್ದವರ ಉದಾಹರಣೆಯಿಂದ ವಿವರಿಸುತ್ತಾರೆ. ಹಸಿವು ಬಾಯಾರಿಕೆಗಳನ್ನು ಬೇರೆ ದಾರಿಯಿಲ್ಲದೆ ಸಹಿಸುವುದು, ನೆಲದ ಮೇಲೆ ಮಲಗುವುದು, ಕೊಳೆಯನ್ನು ಹೊರುವುದು ಇವೆಲ್ಲ ಸೆರೆಯಾಳಿಗೂ ತಪಸ್ವಿಗೂ ಸಮಾನ, ಇಚ್ಛೆಯೊಂದೇ ಭೇದ. ಸರಪಳಿಯ ತುದಿಯಲ್ಲಿ ಹಸಿದ ನಾಯಿ ಈ ಸೆರೆಯಾಳಿನ ಸಾಲಿಗೆ ಸೇರುತ್ತದೆ. ಶಾಂತವಾಗಿ ಸಹಿಸಿದರೆ ಅದಕ್ಕೂ ಒಂದಿಷ್ಟು ಶುಭಫಲವಿರಬಹುದು. ಆದರೆ ಸೆರೆಯಾಳು ಹಸಿವನ್ನು ಸಹಿಸಿದನೆಂದು ಸೆರೆಮನೆಯ ಅಧಿಕಾರಿಗೆ ಯಾರಾದರೂ ಪುಣ್ಯವನ್ನು ಬರೆಯುತ್ತಾರೆಯೇ?

ಅಧಿಕಾರಿಯ ಲೆಕ್ಕವು ಏಳನೆಯ ಅಧ್ಯಾಯದಲ್ಲಿದೆ. ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪಾಠಶಾಲೆಯಲ್ಲಿ ಇವನ್ನು ಬಾಯಿಪಾಠ ಮಾಡಿದವರು ಎತ್ತು, ಕುದುರೆ, ಆಳುಗಳನ್ನು ನೆನೆದಿರಬಹುದು. ನಾಯಿ ಸಾಕುವವರು ಮತ್ತೊಮ್ಮೆ ಓದಬೇಕು. ಹಗಲಿರುಳು ಗಿಡ್ಡ ಸರಪಳಿಯಲ್ಲಿಡುವುದು ಬಂಧ. ಬೆತ್ತದ ಏಟು ವಧವೆಂಬ ಶಬ್ದದಲ್ಲೇ ಅಡಗಿದೆ. ಇಲ್ಲಿ ಅದರ ಅರ್ಥ ಕೊಲೆಯಲ್ಲ, ಹೊಡೆತ. ಅಂದಕ್ಕಾಗಿ ಕಿವಿ ಬಾಲಗಳನ್ನು ಕತ್ತರಿಸುವುದು ಛೇದ. ಐದನೆಯದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾರತದ 1960ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆಯು ಹೊಡೆಯುವುದನ್ನೂ, ಗಿಡ್ಡ ಸರಪಳಿಯಲ್ಲಿ ಅತಿಕಾಲ ಕಟ್ಟಿಹಾಕುವುದನ್ನೂ, ಸಾಕಿದವನು ಸಾಕಷ್ಟು ಅನ್ನನೀರುಗಳನ್ನು ಕೊಡದಿರುವುದನ್ನೂ ಅಪರಾಧವೆಂದು ಎಣಿಸಿತು. ಉಮಾಸ್ವಾಮಿಗಳ ಪಟ್ಟಿಯನ್ನು ಬಲ್ಲವರಿಗೆ ಆ ಕಾಯಿದೆಯಲ್ಲಿ ಹೊಸದೇನೂ ಕಾಣದು.

ದಶಲಕ್ಷಣ ಪರ್ವದಲ್ಲಿ ಉತ್ತಮ ಸಂಯಮದ ದಿನ ಸಂಯಮವನ್ನು ಎರಡಾಗಿ ವಿಭಾಗಿಸಿ ಹೇಳುವ ಪದ್ಧತಿಯಿದೆ: ಇಂದ್ರಿಯಸಂಯಮ, ಪ್ರಾಣಿಸಂಯಮ. ತನ್ನ ನಾಲಗೆಯನ್ನು ಹಿಡಿಯುವುದು ಮೊದಲನೆಯದು, ಇತರ ಜೀವಗಳನ್ನು ನೋಯಿಸದಿರುವುದು ಎರಡನೆಯದು. ನಾಯಿಯ ನಾಲಗೆಯನ್ನು ಹಿಡಿದಿಟ್ಟ ಗೃಹಸ್ಥನು ತನ್ನ ಪ್ರಾಣಿಸಂಯಮವನ್ನು ಕಳೆದುಕೊಂಡನು. ನಾಯಿಗಾದರೋ ಇಂದ್ರಿಯಸಂಯಮ ಸಿದ್ಧಿಸಲಿಲ್ಲ. ಎರಡು ಕಡೆಯೂ ನಷ್ಟವಾದ ಇಂಥ ವ್ಯಾಪಾರವನ್ನು ಬುದ್ಧಿವಂತರು ವ್ರತವೆಂದು ಹೇಳಿಕೊಳ್ಳುವುದೇ ಆಶ್ಚರ್ಯ. ಮರಿಗಳಿಗೂ ಗಬ್ಬದ ನಾಯಿಗೂ ಒಂದು ದಿನದ ನಿರಾಹಾರ ಅಪಾಯಕಾರಿಯೂ ಹೌದು.

ಇಲ್ಲಿ ಒಂದು ಶಂಕೆ ಹುಟ್ಟುವುದು ಸಹಜ. ಪ್ರೋಷಧೋಪವಾಸವನ್ನು ಆಚಾರ್ಯರೇ ಶಿಕ್ಷಾವ್ರತಗಳಲ್ಲಿ ಸೇರಿಸಿದ್ದಾರೆ. ಶಿಕ್ಷೆಯೆಂದರೆ ಅಭ್ಯಾಸ. ಮಕ್ಕಳೂ ಮೊದಲು ಹಿರಿಯರನ್ನು ನೋಡಿ, ಹೊಗಳಿಕೆಯ ಆಸೆಯಿಂದ, ಬೈಗುಳದ ಭಯದಿಂದಲೇ ರಾತ್ರಿಭೋಜನವನ್ನು ಬಿಡಲು ಕಲಿಯುತ್ತಾರೆ. ಅರ್ಥ ಆಮೇಲೆ ತಿಳಿಯುತ್ತದೆ. ಹೀಗಿರಲಾಗಿ ನಾಯಿಯ ಅಭ್ಯಾಸವನ್ನು ಮಾತ್ರ ಹೀಗಳೆಯುವುದೇಕೆ?

ಶಂಕೆಯಲ್ಲಿ ಸತ್ಯಾಂಶವಿದೆ. ಅಭ್ಯಾಸವಿಲ್ಲದೆ ವ್ರತ ನಿಲ್ಲದು. ಆದರೆ ಶಿಕ್ಷಾವ್ರತದಲ್ಲಿ ಕಲಿಸುವವನೂ ಕಲಿಯುವವನೂ ಒಬ್ಬನೇ. ಅದರ ಅತಿಚಾರಗಳಲ್ಲಿ ಅನಾದರವನ್ನೂ ಮರೆವನ್ನೂ ಎಣಿಸಿರುವುದನ್ನು ನೋಡಿದರೆ, ಹೊಟ್ಟೆ ಬರಿದಾಗಿದ್ದು ಮನಸ್ಸು ಬೇರೆಲ್ಲೋ ಇದ್ದ ದಿನವನ್ನು ಆಚಾರ್ಯರು ನಿರ್ದೋಷವೆಂದು ಒಪ್ಪಲಿಲ್ಲವೆಂಬುದು ಸ್ಪಷ್ಟ. ಮಗುವಿನ ಅಭ್ಯಾಸವು ಒಂದು ದಿನ ವಿವೇಕಕ್ಕೆ ಕೈಯೊಪ್ಪಿಸಲ್ಪಡುತ್ತದೆಂಬ ನಂಬಿಕೆಯಿಂದ ಮಾತ್ರ ಸಮರ್ಥನೀಯ. ಹಾಗೆ ಕೈಯೊಪ್ಪಿಸುವ ಉದ್ದೇಶವೇ ಮನೆಯಲ್ಲಿಲ್ಲದಿದ್ದರೆ ಮಗುವಿನ ಉಪವಾಸವೂ ಮುಷ್ಟಿಯಲ್ಲಿಟ್ಟ ಚೂರಿನ ಪಾಠವಾಗುತ್ತದೆ. ಪರ್ವದ ಕಡೆಯ ದಿನ ಬಸದಿಯ ಅಂಗಳದಲ್ಲಿ ಹತ್ತು ವರ್ಷದ ಹುಡುಗಿಯನ್ನು ಅಲಂಕರಿಸಿದ ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಎಷ್ಟು ದಿನ ನೀರು ಮಾತ್ರ ಕುಡಿದಳೆಂದು ಧ್ವನಿವರ್ಧಕದಲ್ಲಿ ಸಾರಿ ಫೋಟೋ ತೆಗೆಯುವಾಗ, ಆಕೆ ಮುಂದಿನ ವರ್ಷಕ್ಕಾಗಿ ಕಲಿತದ್ದು ಯಾವುದನ್ನು? ಕಣ್ಣುಗಳು ನೋಡುತ್ತಿದ್ದರೆ ಬಿಡಬಹುದೆಂಬುದನ್ನೇ? ಹಾಗೆ ಕೂರಿಸುವವರ ಪ್ರೀತಿಯಲ್ಲಿ ಸಂಶಯವಿಲ್ಲ. ಆದರೆ ಲೈಪ್ಜಿಗ್‌ನ ನಾಯಿಗಳೂ ಪ್ರೀತಿಯಿಂದ ಸಾಕಿದವೇ ಆಗಿದ್ದವು.

ತಿರ್ಯಂಚಗಳು ಸಮ್ಯಕ್ತ್ವವನ್ನು ಪಡೆಯುವ ಹೊರಗಿನ ನಿಮಿತ್ತಗಳನ್ನು ಆಗಮವು ಹೆಸರಿಸಿದೆ: ಜಾತಿಸ್ಮರಣೆ, ಧರ್ಮಶ್ರವಣ, ಜಿನಬಿಂಬದರ್ಶನ. ಈ ಪಟ್ಟಿಯಲ್ಲಿ ಬೆತ್ತವೂ ಇಲ್ಲ, ಬಿಸ್ಕತ್ತೂ ಇಲ್ಲ. ಸಿಂಹಕ್ಕೆ ಉಪದೇಶ ಮಾಡಿದ ಮುನಿಗಳಿಗೆ ಆ ಸಿಂಹದಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಅದು ಕೇಳಿದರೂ ಕೇಳದಿದ್ದರೂ ಅವರು ಮುಂದಕ್ಕೆ ಹೋಗುವವರು. ಶ್ರೇಣಿಕನು ಯಶೋಧರಮುನಿಗಳ ಮೇಲೆ ಬೇಟೆನಾಯಿಗಳನ್ನು ಛೂಬಿಟ್ಟ ಕಥೆಯಲ್ಲಿ ನಾಯಿಗಳು ಮುನಿಗಳ ಬಳಿ ಬಂದು ಶಾಂತವಾದವು. ಅವುಗಳನ್ನು ಬೇಟೆಗೆ ಪಳಗಿಸಿದ್ದವನ ಅಪ್ಪಣೆ “ಕಚ್ಚು” ಎಂಬುದಾಗಿತ್ತು. ಆ ದಿನ ಸಂಯಮವಿಲ್ಲದೆ ಹೋದದ್ದು ಶ್ರೇಣಿಕನಿಗೆ. ಮನೆಯ ನಾಯಿಯೊಳಗೂ ಎಂದಾದರೊಂದು ದಿನ ಅಂಥ ಪರಿಣಾಮ ಉಂಟಾಗಬಾರದೆಂದೇನೂ ಇಲ್ಲ. ಉಂಟಾಯಿತೇ ಇಲ್ಲವೇ ಎಂಬುದನ್ನು ಹೇಳಲು ಅವಧಿಜ್ಞಾನಿಗಳು ಬೇಕು. ಒಡೆಯನು ನೆಂಟರೆದುರಿಗೆ ಅದನ್ನು ಸಾರಲು ಯಾವ ಆಧಾರವೂ ಇಲ್ಲ.

ಅಷ್ಟಕ್ಕೂ ಶ್ರಾವಕನು ನಾಯಿಯನ್ನು ಸಾಕಬಹುದೇ ಎಂಬ ಆಕ್ಷೇಪವೂ ಇದೆ. ಕಾರ್ತಿಕೇಯಾನುಪ್ರೇಕ್ಷೆಯು ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಇಟ್ಟುಕೊಳ್ಳುವುದನ್ನು ಅನರ್ಥದಂಡದಲ್ಲಿ ಎಣಿಸಿದೆ. ಹಿರಿಯರ ಹಿಂಜರಿಕೆಗೆ ಬಲವಾದ ಆಧಾರ ಅದು. ತೋಟದ ಒಂಟಿಮನೆಯವರಿಗೆ ಕಾವಲು ಬೇಕು, ಬಾಗಿಲಿಗೆ ಬಂದ ಮರಿಯನ್ನು ಅಟ್ಟಲು ಮನಸ್ಸು ಬಾರದು. ಹೀಗೆ ಸಾಕಿಕೊಂಡವರು ಅದರ ಬಾಯಿಗೆ ಬೀಳುವ ಇಲಿ, ಅಳಿಲು, ಓತಿಕ್ಯಾತ, ಕೋಳಿಮರಿಗಳ ಲೆಕ್ಕಕ್ಕೂ ಹೊಣೆಗಾರರು. ಮೇಲೆ ಹೇಳಿದ ಶಿಕ್ಷಣಕ್ಕೆ ನಿಜವಾದ ಬೆಲೆಯಿರುವುದು ಇಲ್ಲಿಯೇ. ಅಳಿಲಿನ ಬೆನ್ನಟ್ಟಿದ ನಾಯಿ “ಬಿಡು” ಎಂಬ ಒಂದು ಮಾತಿಗೆ ನಿಂತರೆ ಒಂದು ಜೀವ ಉಳಿಯಿತು; ರಸ್ತೆಗೆ ನುಗ್ಗುವುದು “ಇರು” ಎಂದಾಗ ನಿಂತರೆ ಇನ್ನೊಂದು ಉಳಿಯಿತು. ಅದು ನಾಯಿಯ ವ್ರತವಾಗಲಿಲ್ಲ, ನಿಜ. ಒಡೆಯನ ಪ್ರಾಣಿಸಂಯಮಕ್ಕೆ ಮಾತ್ರ ಅದು ನೇರವಾಗಿ ಸೇರಿತು. 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಒಂದು ಸಂದರ್ಭದಲ್ಲಿ ತಡೆದುಕೊಳ್ಳಬಲ್ಲ ನಾಯಿ ಇನ್ನೊಂದರಲ್ಲಿಯೂ ತಡೆದುಕೊಂಡೀತೆಂಬ ಭರವಸೆಯಿಲ್ಲ. ಆದುದರಿಂದ ತಟ್ಟೆಯ ಮುಂದೆ ಕಲಿಸಿದ್ದು ಅಳಿಲಿನ ಮುಂದೆ ಉಪಯೋಗಕ್ಕೆ ಬಾರದು. ತೋಟದಲ್ಲಿಯೇ ಹಗ್ಗ ಹಿಡಿದು ದಿನದಿನವೂ ಕಲಿಸಬೇಕು. ಅಷ್ಟು ದಿನ ದನಿಯೇರಿಸದೆ, ಕೈಯೆತ್ತದೆ ಕಲಿಸಬಲ್ಲವನ ಸಂಯಮವು ಯಾರ ಫೋಟೋದಲ್ಲಿಯೂ ಬೀಳುವುದಿಲ್ಲ.

ಆಹಾರದ ವಿಷಯದಲ್ಲಿ ಒಂದು ಮಾತು. ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ರಕ್ತವನ್ನು ಕೆಡಿಸುತ್ತವೆ. ಆದುದರಿಂದ ಶ್ರಾವಕರ ಅಡಿಗೆಮನೆ ಅದಕ್ಕೆ ಕ್ಷೇಮವಾದ ಸ್ಥಳ. ಪಾರಣೆಗೆಂದು ನೆನೆಹಾಕಿದ ಒಣದ್ರಾಕ್ಷಿಯನ್ನು ಮಾತ್ರ ಪ್ರೀತಿಯಿಂದಲೂ ಹಾಕಬಾರದು, ಅದು ನಾಯಿಯ ಮೂತ್ರಪಿಂಡಗಳಿಗೆ ವಿಷವಾಗಬಲ್ಲುದು. ಚತುರ್ದಶಿಯಂದು ಮನೆಯಲ್ಲಿ ಒಲೆ ಉರಿಯದಿದ್ದರೂ ನಾಯಿಯ ಪಾಲಿನ ಅನ್ನ ಸೂರ್ಯಾಸ್ತಕ್ಕೆ ಮೊದಲು ಅದರ ತಟ್ಟೆಗೆ ಬೀಳಬೇಕು. ಉಪವಾಸವಿರುವವರೇ ಅದನ್ನು ಕಲಸಿ ಹಾಕಿದರೆ ಇನ್ನೂ ಮೇಲು. ಮೊಸರಿನ ವಾಸನೆ ಮೂಗಿಗೆ ಬಡಿಯುವಾಗ ನಡೆಯುವ ಪರೀಕ್ಷೆ ಆಗ ಸರಿಯಾದ ಅಭ್ಯರ್ಥಿಗೇ ನಡೆಯುತ್ತದೆ.

ಕನ್ನಡದಲ್ಲಿ ಭಾಸ್ಕರಕವಿಯು 1424ರಲ್ಲಿ ಹೇಳಿದ ಜೀವಂಧರನ ಚರಿತೆಯನ್ನು ಹಿರಿಯ ಓದುಗರು ಬಲ್ಲರು. ವಾದೀಭಸಿಂಹಸೂರಿಗಳ ಕ್ಷತ್ರಚೂಡಾಮಣಿಯಲ್ಲಿಯೂ ಬರುವ ಆ ಕಥೆಯ ನಾಯಿ ಸಂಯಮವಿದ್ದ ನಾಯಿಯಲ್ಲ. ಯಜ್ಞಕ್ಕೆಂದಿಟ್ಟ ಆಹಾರಕ್ಕೆ ಅದು ಬಾಯಿ ಹಾಕಿತ್ತು. ತಡೆದುಕೊಳ್ಳಲಿಲ್ಲವೆಂಬ ಅಪರಾಧಕ್ಕೆ ಅಲ್ಲಿದ್ದವರು ಪ್ರಾಣ ಹೋಗುವಂತೆ ಹೊಡೆದಿದ್ದರು. ದಾರಿಯಲ್ಲಿ ಬಂದ ಜೀವಂಧರನು ಅದನ್ನು ಬದುಕಿಸಲು ನೋಡಿದನು; ಆಗದೆಂದು ಕಂಡಾಗ ಬಳಿಯಲ್ಲಿ ಕುಳಿತು ಕಿವಿಯಲ್ಲಿ ಪಂಚನಮಸ್ಕಾರಮಂತ್ರವನ್ನು ಹೇಳಿದನು. ಅದು ಮರಣಾನಂತರ ಸುದರ್ಶನನೆಂಬ ಯಕ್ಷೇಂದ್ರನಾಗಿ ಹುಟ್ಟಿ, ತನ್ನ ಉಪಕಾರಿಯನ್ನು ಹುಡುಕಿಕೊಂಡು ಬಂದಿತು. ನಾಯಿ ಆಹಾರವನ್ನು ಮುಟ್ಟಿದ್ದು ಸರಿಯೇ ತಪ್ಪೇ ಎಂದು ಜೀವಂಧರನು ವಿಚಾರಿಸಿದಂತೆ ಕಥೆಯಲ್ಲಿಲ್ಲ.

ಮುದಿಯಾದ ನಾಯಿ ಕಡೆಯ ದಿನಗಳಲ್ಲಿ ಅನ್ನವನ್ನು ಮುಟ್ಟದೆ ಮೂಲೆ ಸೇರಿದಾಗ, ಅದು ಸಲ್ಲೇಖನವನ್ನು ಕೈಗೊಂಡಿತೆಂದು ಹೇಳಿ ನೀರಿನ ಬಟ್ಟಲನ್ನು ತೆಗೆದಿಡುವವರು ಈ ಕಥೆಯನ್ನು ಇನ್ನೊಮ್ಮೆ ಓದಬೇಕು. ರೋಗದಿಂದ ಹಸಿವು ಹೋದದ್ದಿರಬಹುದು, ಹಲ್ಲುನೋವಿರಬಹುದು. ಮೊದಲು ಪಶುವೈದ್ಯರಿಗೆ ತೋರಿಸುವುದು ಕರ್ತವ್ಯ. ಕಾಲ ಬಂದದ್ದೇ ನಿಜವಾದರೆ ಅದರ ಬಳಿ ಯಾರಾದರೊಬ್ಬರು ಕುಳಿತು, ಮೆಲುದನಿಯಲ್ಲಿ, ಕಿವಿಗೆ ಕೇಳಿಸುವಷ್ಟು, ಣಮೋಕಾರವನ್ನು ಹೇಳುತ್ತಿರಲಿ. ನೀರಿನ ಬಟ್ಟಲು ಅದರ ಬಾಯಿಗೆ ಎಟುಕುವಷ್ಟು ಹತ್ತಿರದಲ್ಲಿಯೇ ಇರಲಿ.